ಎಷ್ಟು ಸಂಖ್ಯೆ ಬೇಕು, ಅಷ್ಟು ಆಯಾಮ

ಬಸ್ಸಿನಲ್ಲಿ ಬರುತ್ತಿರುವ ನೆಂಟರಿಗೆ ಫೋನ್ ಮಾಡಿ ‘ಎಲ್ಲಿದ್ದೀರಿ?’ ಎಂದು ಕೇಳುತ್ತೀರಿ. ‘ನಲವತ್ತನೇ ಕಿಲೋಮೀಟರ್ ಕಲ್ಲು ಈಗ ದಾಟಿತು’ ಎನ್ನುತ್ತಾರೆ. ಅಷ್ಟು ಸಾಕು. ರಸ್ತೆ ಗುಡ್ಡ ಹತ್ತಲಿ, ಘಾಟಿಯಲ್ಲಿ ಹಾವಿನಂತೆ ಸುತ್ತಲಿ, ಅವರಿರುವ ಜಾಗ ಒಂದೇ ಸಂಖ್ಯೆಯಿಂದ ತಿಳಿದುಹೋಯಿತು. ಹಾಗಾಗಿ ಗಣಿತಕ್ಕೆ ಆ ರಸ್ತೆ ಒಂದು ಆಯಾಮದ್ದು.

ಜಾಗವನ್ನು ಗುರುತಿಸಲು ಎಷ್ಟು ಸ್ವತಂತ್ರ ಸಂಖ್ಯೆಗಳು ಬೇಕು ಎಂಬ ಎಣಿಕೆಯೇ ಆಯಾಮ. ಸ್ವತಂತ್ರ ಎಂದರೆ, ಒಂದನ್ನು ಬದಲಿಸಿದಾಗ ಇನ್ನೊಂದು ತಾನಾಗಿ ಬದಲಾಗಬೇಕಾಗಿಲ್ಲ. ಭೂಮಿ ಗುಂಡಗಿದೆ, ಆದರೂ ಅದರ ಮೇಲ್ಮೈಗೆ ಎರಡೇ ಆಯಾಮ: ಅಕ್ಷಾಂಶ, ರೇಖಾಂಶ ಹೇಳಿದರೆ ಊರು ಸಿಕ್ಕಿತು. ವಿಮಾನಕ್ಕಾದರೆ ಎತ್ತರವೂ ಬೇಕು, ಮೂರು.

‘ನಾಲ್ಕನೇ ಆಯಾಮ’ ಎಂದೊಡನೆ ಕಣ್ಣಿಗೆ ಕಾಣದ ಯಾವುದೋ ಲೋಕವನ್ನು ಕಲ್ಪಿಸಿಕೊಳ್ಳುವುದು ವಾಡಿಕೆ. ಅದರ ಅಗತ್ಯವಿಲ್ಲ. ಹಾರುವ ಡ್ರೋನ್ ಎಲ್ಲಿದೆ ಎನ್ನಲು ಮೂರು ಸಂಖ್ಯೆ. ಅದು ಯಾವ ಕಡೆ ಮುಖ ಮಾಡಿ, ಎಷ್ಟು ವಾಲಿದೆ ಎನ್ನಲು ಮತ್ತೆ ಮೂರು. ಅದರ ಸ್ಥಿತಿಗಳೆಲ್ಲ ಸೇರಿದ ಜಾಗಕ್ಕೆ ಆರು ಆಯಾಮ. ಕೀಲಿನ ಮೇಲೆ ತಿರುಗುವ ಬಾಗಿಲಿಗೋ ಒಂದೇ ಕೋನ ಸಾಕು.

ಇಷ್ಟು ಸರಳವಾದ ವಿಚಾರವನ್ನು 1877ರಲ್ಲಿ ಗಣಿತಜ್ಞ ಗೇಯಾರ್ಗ್ ಕ್ಯಾಂಟರ್ ಅಲುಗಾಡಿಸಿಬಿಟ್ಟರು. ಚೌಕದ ಒಂದು ಬಿಂದುವಿಗೆ 0.538, 0.291 ಎಂಬ ಎರಡು ಸಂಖ್ಯೆಗಳಿವೆ ಎನ್ನಿ. ಅಂಕಿಗಳನ್ನು ಜಡೆ ಹೆಣೆದಂತೆ ಒಂದರ ನಂತರ ಒಂದು ಸೇರಿಸಿದರೆ 0.523981. ಎರಡು ಸಂಖ್ಯೆ ಮಾಡುತ್ತಿದ್ದ ಕೆಲಸವನ್ನು ಈಗ ಒಂದೇ ಮಾಡುತ್ತಿದೆ! ಈ ಉಪಾಯದಲ್ಲಿದ್ದ ಸಣ್ಣ ತೊಡಕನ್ನೂ ಕ್ಯಾಂಟರ್ ಬಿಡಿಸಿ, ಗೆರೆಯಲ್ಲಿರುವಷ್ಟೇ ಬಿಂದುಗಳು ಚೌಕದಲ್ಲೂ ಇವೆ ಎಂದು ಸಾಧಿಸಿದರು. ಹಾಗಾದರೆ ಒಂದಕ್ಕೂ ಎರಡಕ್ಕೂ ಏನು ವ್ಯತ್ಯಾಸ?

ಹೆಣೆದದ್ದನ್ನು ಬಿಚ್ಚಿ ನೋಡಿ. 0.4999 ಮತ್ತು 0.5000 ಗೆರೆಯ ಮೇಲೆ ಅಕ್ಕಪಕ್ಕದಲ್ಲಿವೆ. ಬಿಚ್ಚಿದಾಗ ಮೊದಲನೆಯದು 0.49, 0.99; ಎರಡನೆಯದು 0.50, 0.00. ಚೌಕದಲ್ಲಿ ಒಂದು ಮೇಲಂಚಿನ ಹತ್ತಿರ, ಇನ್ನೊಂದು ಕೆಳಗಿನ ಅಂಚಿನಲ್ಲಿ. ನೆರೆಹೊರೆ ಚದುರಿಹೋಯಿತು. 1890ರಲ್ಲಿ ಗಣಿತಜ್ಞ ಪೆಯಾನೊ ಎಲ್ಲೂ ತುಂಡಾಗದೆ ಇಡೀ ಚೌಕವನ್ನು ತುಂಬುವ ಗೆರೆಯನ್ನು ರಚಿಸಿದರು. ಆದರೆ ಅದು ಕೆಲವು ಬಿಂದುಗಳನ್ನು ಮತ್ತೆ ಮತ್ತೆ ಹಾಯುತ್ತದೆ. ನೆರೆಹೊರೆಯನ್ನೂ ಉಳಿಸಿ, ಒಂದಕ್ಕೊಂದು ಜೋಡಿಯನ್ನೂ ಕೂಡಿಸುವುದು ಆಯಾಮ ಬೇರೆಯಾದರೆ ಸಾಧ್ಯವೇ ಇಲ್ಲ ಎಂದು 1911ರಲ್ಲಿ ಬ್ರೌವರ್ ಸಾಧಿಸಿ ತೋರಿಸಿದರು. ಆಯಾಮದ ಮಾತಿಗೆ ಗಟ್ಟಿ ಬುನಾದಿ ಸಿಕ್ಕಿದ್ದು ಆಗಲೇ ಎಂದು ನನ್ನ ಭಾವನೆ.

ಅಳೆಯಲು ಇನ್ನೊಂದು ದಾರಿಯೂ ಉಂಟು. ಗೆರೆಯನ್ನು ಎರಡರಷ್ಟು ದೊಡ್ಡದು ಮಾಡಲು ಅಂಥ 2 ಗೆರೆ ಬೇಕು, ಚೌಕವಾದರೆ 4, ಬೆಂಕಿಪೊಟ್ಟಣವಾದರೆ 8. ಎರಡರ ಘಾತ ಎಷ್ಟೋ ಅಷ್ಟು ಆಯಾಮ. ಕಾಕ್ 1904ರಲ್ಲಿ ಕೊಟ್ಟ ಮುರುಕು ಮುರುಕಾದ ರೇಖೆಯನ್ನು ಮೂರರಷ್ಟು ಹಿಗ್ಗಿಸಲು ಅದರದೇ 4 ಪ್ರತಿ ಸಾಕು. ಮೂರರ ಯಾವ ಘಾತ ನಾಲ್ಕು? ಸುಮಾರು 1.26. ಆಯಾಮ ಹೀಗೆ ಪೂರ್ಣಾಂಕವಲ್ಲದ ಸಂಖ್ಯೆಯೂ ಆಗಬಹುದೆಂಬುದಕ್ಕೆ ಹೌಸ್‌ಡಾರ್ಫ್ 1918ರಲ್ಲಿ ಖಚಿತ ವ್ಯಾಖ್ಯೆ ಕೊಟ್ಟರು.

ಮಕ್ಕಳಿಗೆ ಆಯಾಮ ಹೇಳಿಕೊಡುವವರು ವ್ಯಾಖ್ಯೆ ಬರೆಸುವ ಮೊದಲು ಎಂಟು ಬೆಂಕಿಪೊಟ್ಟಣ ಕೈಗೆ ಕೊಟ್ಟು, ಎಲ್ಲ ಬದಿಯೂ ಎರಡರಷ್ಟಿರುವ ದೊಡ್ಡ ಪೊಟ್ಟಣವನ್ನು ಜೋಡಿಸಲು ಹೇಳಿ.