ಮನೆ ಹಳೆಯದು, ತೆರಿಗೆ ಮಾತ್ರ ವರ್ಷವೂ ಹೊಸತು

ಕಾಸರಗೋಡು: ಎಪ್ರಿಲ್ ಬಂತೆಂದರೆ ನಗರಸಭೆ ವ್ಯಾಪ್ತಿಯ ಮನೆಗಳಲ್ಲಿ ಕಪಾಟಿನೊಳಗಿನ ರಶೀದಿ ಕಟ್ಟು ಹೊರಗೆ ಬರುತ್ತದೆ. ಕಳೆದ ವರ್ಷ ಕಟ್ಟಿದ್ದೆಷ್ಟು, ಈ ಸಲ ಕೇಳುತ್ತಿರುವುದೆಷ್ಟು ಎಂದು ಲೆಕ್ಕ ನೋಡುವ ಹಿರಿಯರಿಗೆ ಒಂದೇ ಪ್ರಶ್ನೆ. ಮನೆಗೆ ಒಂದು ಕೆಂಪುಕಲ್ಲು ಸೇರಿಸಲಿಲ್ಲ, ಮತ್ತೆ ತೆರಿಗೆ ಹೆಚ್ಚಾದದ್ದು ಎಂತಕ್ಕೆ ಮಾರಾಯ್ರೇ?

ಪ್ರಶ್ನೆ ನ್ಯಾಯವೇ. ಮಕ್ಕಳು ಮಂಗಳೂರು, ಬೆಂಗಳೂರು, ಗಲ್ಫ್ ಎಂದು ಹೋಗಿದ್ದಾರೆ. ಹಂಚಿನ ಮನೆಯಲ್ಲಿ ಉಳಿದವರು ಪಿಂಚಣಿಯಲ್ಲಿ ಬದುಕುವ ಇಬ್ಬರು ಮುದುಕರು. ರಾಷ್ಟ್ರೀಯ ಹೆದ್ದಾರಿ 66 ಅಗಲವಾಯಿತು, ಸೆಂಟ್ಸಿನ ಬೆಲೆ ಏರಿತು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಮಾರದೆ ಕೂತವರ ಕೈಗೆ ಆ ಬೆಲೆ ಬರುವುದಿಲ್ಲ, ಬರುವುದು ನೋಟಿಸು ಮಾತ್ರ.

ಐದು ವರ್ಷಕ್ಕೊಮ್ಮೆ ಅಲ್ಲ, ಪ್ರತಿ ವರ್ಷ

ಕೇರಳದಲ್ಲಿ ಮೊದಲು ಮನೆಗೆ ಬರಬಹುದಾದ ಬಾಡಿಗೆಯ ಅಂದಾಜಿನ ಮೇಲೆ ತೆರಿಗೆ ಹಾಕುತ್ತಿದ್ದರು. 2011ರ ನಿಯಮ ಬಂದ ಮೇಲೆ ಕಟ್ಟಡದ ವಿಸ್ತೀರ್ಣವೇ ಆಧಾರ. 2023ರ ಎಪ್ರಿಲ್ 1ರಿಂದ ಮೂಲ ದರ ಬದಲಾಯಿತು. ನಗರಸಭೆಗಳಲ್ಲಿ 300 ಚದರ ಮೀಟರ್ ವರೆಗಿನ ವಾಸದ ಮನೆಗೆ ಚದರ ಮೀಟರಿಗೆ ವರ್ಷಕ್ಕೆ 8ರಿಂದ 17 ರೂಪಾಯಿ, ಅದಕ್ಕಿಂತ ದೊಡ್ಡ ಮನೆಗೆ 10ರಿಂದ 19 ರೂಪಾಯಿಯ ಮಿತಿಯೊಳಗೆ ದರ ನಿಗದಿಯಾಗಬೇಕು ಎಂದಾಯಿತು. ಜತೆಗೆ ಪ್ರತಿ ವರ್ಷ ಶೇ. 5 ಏರಿಕೆ.

1,300 ಚದರ ಅಡಿಯ ಮನೆ ಎಂದರೆ ಸುಮಾರು 120 ಚದರ ಮೀಟರ್. ಮೂಲ ದರದಲ್ಲಿ ಅದಕ್ಕೆ 960 ರೂಪಾಯಿಂದ 2,040 ರೂಪಾಯಿ. ಇದರ ಮೇಲೆ ಮನೆ ಇರುವ ವಲಯ, ಎದುರಿನ ರಸ್ತೆಯ ಅಗಲ, ಕಟ್ಟಡದ ಪ್ರಾಯ ನೋಡಿ ಕೂಡಿಸುವುದು, ಕಳೆಯುವುದು ಉಂಟು. ತೆರಿಗೆಯ ರೂಪಾಯಿಗೆ 5 ಪೈಸೆಯಂತೆ ಗ್ರಂಥಾಲಯ ಸೆಸ್ ಬೇರೆ.

ಶೇ. 5 ಎಂದರೆ ಸಣ್ಣದು ಎನಿಸುತ್ತದೆ. ಆದರೆ ಅದು ಬಡ್ಡಿಗೆ ಬಡ್ಡಿಯ ಹಾಗೆ ಬೆಳೆಯುತ್ತದೆ. 2023-24ರಲ್ಲಿ 2,000 ರೂಪಾಯಿ ಇದ್ದ ತೆರಿಗೆ ಐದು ಏರಿಕೆಗಳಾದಾಗ 2,550 ದಾಟುತ್ತದೆ. ಹದಿನೈದು ಏರಿಕೆಗೆ ಎರಡು ಪಟ್ಟಿಗಿಂತ ಹೆಚ್ಚು.

ಹೆಸರಿನ ಗೊಂದಲ

ನಮ್ಮವರಿಗೆ ದೊಡ್ಡ ತಲೆನೋವು ದರದ್ದಲ್ಲ, ಹೆಸರಿನದ್ದು. ನಗರಸಭೆಗೆ ಕಟ್ಟುವ ಮನೆ ತೆರಿಗೆಗೆ ಮಲಯಾಳಂನಲ್ಲಿ 'ವಸ್ತು ನಿಗುದಿ' ಎನ್ನುತ್ತಾರೆ. ಕನ್ನಡ ಓದಿದವರಿಗೆ ವಸ್ತು ಎಂದರೆ ಸಾಮಾನು. ಅಲ್ಲಿ ವಸ್ತು ಎಂದರೆ ಆಸ್ತಿ. ಜನರ ಬಾಯಲ್ಲಿ ಅದೇ 'ಕೆಟ್ಟಿಡ ನಿಗುದಿ'. ಹೊಸ ಮನೆ ಕಟ್ಟಿದಾಗ ಕಂದಾಯ ಇಲಾಖೆ ಒಂದೇ ಸಲ ವಸೂಲು ಮಾಡುವ ತೆರಿಗೆಗೂ ಅದೇ ಹೆಸರು. ಒಂದು ಕಟ್ಟಿದವರು ಇನ್ನೊಂದೂ ಮುಗಿಯಿತು ಎಂದು ಸುಮ್ಮನೆ ಕೂರುತ್ತಾರೆ. ಆಮೇಲೆ ಬಾಕಿಗೆ ದಂಡ ಬೀಳುತ್ತದೆ. 278.7 ಚದರ ಮೀಟರ್, ಅಂದರೆ 3,000 ಚದರ ಅಡಿ ಮೀರಿದ ಮನೆಗೆ ಜನರು ಲಕ್ಸುರಿ ತೆರಿಗೆ ಎನ್ನುವ ವಾರ್ಷಿಕ ತೆರಿಗೆಯೂ ಉಂಟು. ಅದು ಕಂದಾಯ ಇಲಾಖೆಗೆ.

ಇನ್ನು ವಿಲ್ಲೇಜ್ ಆಫೀಸಿನಲ್ಲಿ ಕಟ್ಟುವ ಜಾಗದ ತೀರ್ವೆ. 2025ರ ಬಜೆಟಿನಲ್ಲಿ ಇದು ಶೇ. 50 ಏರಿತು. ನಗರಸಭೆಯಲ್ಲಿ 6 ಸೆಂಟ್ಸ್ ಮೀರಿದ ಜಾಗಕ್ಕೆ ಆರ್ ಒಂದಕ್ಕೆ 15 ರೂಪಾಯಿ ಇದ್ದದ್ದು 22.50 ಆಯಿತು. ಹತ್ತು ಸೆಂಟ್ಸ್ ಎಂದರೆ ಸುಮಾರು 4 ಆರ್. ಶೇಕಡಾ ಲೆಕ್ಕ ಕೇಳಿ ಗಾಬರಿಯಾದರೂ ಮೊತ್ತ ನೂರು ರೂಪಾಯಿಯ ಒಳಗೆ.

ಬೆಲೆ ಏರಿದ ಬಿಸಿ ತಟ್ಟುವುದೆಲ್ಲಿ?

ಜಾಗದ ನ್ಯಾಯಬೆಲೆ, ಅಂದರೆ ಫೇರ್ ವ್ಯಾಲ್ಯೂ, ಮನೆ ತೆರಿಗೆಯನ್ನು ನೇರವಾಗಿ ಏರಿಸುವುದಿಲ್ಲ. ಅದರ ಬಿಸಿ ತಟ್ಟುವುದು ರಿಜಿಸ್ಟ್ರಾರ್ ಕಚೇರಿಯಲ್ಲಿ. 2010ರಲ್ಲಿ ಜಾರಿಗೆ ಬಂದ ನ್ಯಾಯಬೆಲೆಯನ್ನು 2014ರಲ್ಲಿ ಶೇ. 50 ಏರಿಸಿದರು. ಮತ್ತೆ 2018, 2019, 2020, 2022ರಲ್ಲಿ ತಲಾ ಶೇ. 10. 2023ರಲ್ಲಿ ಶೇ. 20. ಒಟ್ಟಾಗಿ, 2010ರಲ್ಲಿ 1 ಲಕ್ಷ ಎಂದು ನಿಗದಿಯಾದ ಜಾಗ 2023ರ ಎಪ್ರಿಲಿಗೆ 2.64 ಲಕ್ಷ. ಮಾರಾಟಕ್ಕೆ ಶೇ. 8 ಮುದ್ರಾಂಕ, ಶೇ. 2 ನೋಂದಣಿ ಶುಲ್ಕ ಈ ಲೆಕ್ಕದಲ್ಲೇ ಬೀಳುತ್ತದೆ. ಕುಟುಂಬದೊಳಗಿನ ಪಾಲುಪಟ್ಟಿ, ದಾನಪತ್ರಗಳಿಗೆ ದರ ಕಡಿಮೆ. ಆದರೂ ಪಾಲಿನ ಮಾತನ್ನು ಮುಂದೂಡುತ್ತಾ ಹೋದ ತರವಾಡು ಮನೆಗಳಿಗೆ ಪ್ರತಿ ಏರಿಕೆಯೂ ಹೊರೆಯೇ.

ದಾರಿ ಇಲ್ಲದ ಜಾಗವನ್ನು ರಸ್ತೆ ಬದಿಯದ್ದೆಂದು, ಗದ್ದೆಯನ್ನು ಮನೆ ಜಾಗವೆಂದು ಪಟ್ಟಿಯಲ್ಲಿ ತಪ್ಪಾಗಿ ಸೇರಿಸಿದ್ದರೆ ಜಿಲ್ಲಾಧಿಕಾರಿಗೆ ಅಪೀಲು ಹೋಗಬಹುದು. ಇದನ್ನು ನೋಡಬೇಕಾದದ್ದು ರಿಜಿಸ್ಟ್ರಿಯ ಹಿಂದಿನ ದಿನ ಅಲ್ಲ, ಈಗಲೇ.

ಕಟ್ಟುವ ಮೊದಲು ನೋಡಿ

ಮೊದಲನೆಯದು ಅಳತೆ. ನೋಟಿಸಿನಲ್ಲಿರುವುದು ಚದರ ಮೀಟರ್. ಅದನ್ನು 10.76ರಿಂದ ಗುಣಿಸಿದರೆ ಚದರ ಅಡಿ ಸಿಗುತ್ತದೆ. ಬಿದ್ದುಹೋದ ಚಾವಡಿ, ಕೆಡವಿದ ಕೋಣೆಯನ್ನು ಲಿಖಿತವಾಗಿ ತಿಳಿಸದಿದ್ದರೆ ಅದು ದಾಖಲೆಯಲ್ಲಿ ಉಳಿದೇ ಇರುತ್ತದೆ. ಒಂದು ಕಾಲದಲ್ಲಿ ಎದುರಿನ ಕೋಣೆಯಲ್ಲಿ ಅಂಗಡಿ ಇತ್ತು, ಈಗ ಮುಚ್ಚಿದೆ ಎಂದಾದರೆ ಅದನ್ನೂ ತಿಳಿಸಬೇಕು. ಅಂಗಡಿಯ ದರ ಬೇರೆ.

ಎರಡನೆಯದು ವಿನಾಯಿತಿ. 60 ಚದರ ಮೀಟರ್, ಎಂದರೆ 646 ಚದರ ಅಡಿ ವರೆಗಿನ ಸ್ವಂತ ವಾಸದ ಮನೆಗೆ 2023ರ ಎಪ್ರಿಲಿನಿಂದ ತೆರಿಗೆ ವಿನಾಯಿತಿ ಕೊಡಲಾಗಿದೆ. ಒಬ್ಬರಿಗೆ ಒಂದೇ ಮನೆ. ಫ್ಲಾಟಿಗೆ ಇಲ್ಲ. ಇಡೀ ವರ್ಷದ ತೆರಿಗೆಯನ್ನು ಎಪ್ರಿಲ್ 30ರೊಳಗೆ ಒಟ್ಟಿಗೆ ಕಟ್ಟುವವರಿಗೆ ಶೇ. 5 ರಿಯಾಯಿತಿಯೂ ಅದೇ ವರ್ಷ ಬಂತು. ಆ ವರ್ಷದ ಏರಿಕೆಯ ಬಹುಪಾಲು ಅಲ್ಲಿಗೆ ಸರಿಹೋಗುತ್ತದೆ. 2024ರ ಜನವರಿಯಲ್ಲಿ ಆರಂಭವಾದ ಕೆ-ಸ್ಮಾರ್ಟ್ ಮೂಲಕ ದೂರದಲ್ಲಿರುವ ಮಗ, ಮಗಳೂ ಕಟ್ಟಬಹುದು.

ಮೂರನೆಯದು ಹೆಸರು. ತೀರಿಹೋದ ತಂದೆಯ ಹೆಸರಲ್ಲೇ ರಶೀದಿ ಬರುತ್ತಿರುವ ಮನೆಗಳು ಎಷ್ಟೋ ಇವೆ. ವಿಲ್ಲೇಜ್ ಆಫೀಸಿನಲ್ಲಿ ಪೋಕುವರವು ಮಾಡಿಸಿದರೆ ಜಾಗ ನಿಮ್ಮ ಹೆಸರಿಗೆ ಬರುತ್ತದೆ. ಮನೆಯ ಹೆಸರು ಬದಲಾಗಬೇಕಾದರೆ ನಗರಸಭೆಗೂ ಅರ್ಜಿ ಕೊಡಬೇಕು.

ಕನ್ನಡದಲ್ಲೇ ಬರೆಯಿರಿ

ಅರ್ಜಿ ಎಂದ ಕೂಡಲೇ ನಮ್ಮ ಹಿರಿಯರು ಹಿಂಜರಿಯುತ್ತಾರೆ. ಬೇರೆಯವರು ಮಲಯಾಳಂನಲ್ಲಿ ಬರೆದುಕೊಟ್ಟದ್ದಕ್ಕೆ ಓದದೆ ಸಹಿ ಹಾಕಿ ಬರುತ್ತಾರೆ. ಅಳತೆ ತಪ್ಪಿದರೂ, ಇಲ್ಲದ ಕೋಣೆ ಸೇರಿದರೂ ಸಹಿ ನಮ್ಮದೇ ಆಗಿರುತ್ತದೆ. 1969ರ ಕೇರಳ ಆಡಳಿತ ಭಾಷಾ ಕಾಯ್ದೆಯು ಭಾಷಾ ಅಲ್ಪಸಂಖ್ಯಾಕ ಪ್ರದೇಶದ ಕನ್ನಡಿಗರಿಗೆ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲೇ ವ್ಯವಹರಿಸುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಬಳಸದೆ ಇಟ್ಟ ಹಕ್ಕು ಕಪಾಟಿನೊಳಗಿನ ರಶೀದಿಯ ಹಾಗೆ, ಹುಳ ತಿನ್ನುತ್ತದೆ.

ತೆರಿಗೆ ಕಟ್ಟಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಬೀದಿ ದೀಪ ಉರಿಯುವುದು, ಚರಂಡಿ ಕ್ಲೀನ್ ಆಗುವುದು ಆ ಹಣದಿಂದಲೇ. ಆದರೆ ಇದ್ದ ಮನೆಗೆ ಕಟ್ಟಿದರೆ ಸಾಕು, ಇಲ್ಲದ ಕೋಣೆಗೆ ಬೇಡ. ಈ ಸಲ ಹಣ ಎಣಿಸುವ ಮೊದಲು ಒಂದು ಟೇಪು ಹಿಡಿದು ಮನೆಗೊಂದು ಸುತ್ತು ಬನ್ನಿ.