ತಿರುಗಿ ಬಾರದ ವಿಮಾನದ ಲೆಕ್ಕ

1965ರ ಸೆಪ್ಟೆಂಬರ್ 7ರ ನಸುಕು. ಪಂಜಾಬಿನ ಆದಂಪುರ ವಾಯುನೆಲೆಯಿಂದ ಭಾರತೀಯ ವಾಯುಪಡೆಯ ಒಂದನೇ ಸ್ಕ್ವಾಡ್ರನ್ನಿನ ಮಿಸ್ಟೇರ್ ಯುದ್ಧವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆಯತ್ತ ಹಾರಲು ಸಜ್ಜಾಗಿದ್ದವು. ದಾಳಿಗೆ ಗೊತ್ತುಮಾಡಿದ್ದು ಹನ್ನೆರಡು ವಿಮಾನ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ ಅವರ ಹೆಸರು ಆ ಹನ್ನೆರಡರಲ್ಲಿ ಇರಲಿಲ್ಲ. ಯಾವುದಾದರೂ ವಿಮಾನ ಕೈಕೊಟ್ಟರೆ ಇರಲಿ ಎಂದು ಇಟ್ಟುಕೊಂಡಿದ್ದ ಬದಲಿ ಪೈಲಟ್ ಅವರು. ಕ್ರಿಕೆಟ್ ತಂಡದಲ್ಲಿ ಪ್ಯಾಡ್ ಕಟ್ಟಿಕೊಂಡು ಹೊರಗೆ ಕೂತಿರುತ್ತಾನಲ್ಲ, ಹಾಗೆ. ಒಂದು ವಿಮಾನ ಹಿಂದೆ ಸರಿಯಿತು. ದೇವಯ್ಯ ಸೇರಿಕೊಂಡರು. ಅವರ ವಿಮಾನ ತಿರುಗಿ ಬರಲಿಲ್ಲ.

ಅಂದು ಅವರಿಗೆ ಏನಾಯಿತು ಎಂದು ಕಣ್ಣಾರೆ ಕಂಡು ಹೇಳುವವರು ನಮ್ಮ ಕಡೆ ಒಬ್ಬರೂ ಇರಲಿಲ್ಲ. ಸರ್ಗೋಧಾ ಮಿಸ್ಟೇರ್ ವಿಮಾನದ ಹಾರಾಟದ ಮಿತಿಯ ಅಂಚಿನಲ್ಲಿತ್ತು. ಹೋಗಿ, ದಾಳಿ ಮಾಡಿ, ಮರಳಲು ಬೇಕಾದಷ್ಟೇ ಇಂಧನ. ಯಾರೂ ಹಿಂದೆ ನಿಂತು ಜೊತೆಗಾರನನ್ನು ಹುಡುಕುವಂತಿರಲಿಲ್ಲ. ಹಾಗಾಗಿ ಕಡತದಲ್ಲಿ ‘ಕಾಣೆಯಾದವರು’ ಎಂದು ಬರೆದರು. ವರ್ಷಗಳು ಕಳೆದವು. ಪದಕವಿಲ್ಲ, ಕಥೆಯೂ ಇಲ್ಲ.

ಕಥೆ ಸಿಕ್ಕಿದ್ದು ಆಚೆ ಕಡೆಯಿಂದ. 1979ರಲ್ಲಿ ಬ್ರಿಟಿಷ್ ಬರಹಗಾರ ಜಾನ್ ಫ್ರಿಕರ್ 1965ರ ವಾಯುಯುದ್ಧದ ಬಗ್ಗೆ ಪಾಕಿಸ್ತಾನದ ದೃಷ್ಟಿಯಿಂದ ಒಂದು ಪುಸ್ತಕ ಪ್ರಕಟಿಸಿದರು. ಅಂದು ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಹಾರಿಸುತ್ತಿದ್ದ ಸ್ಟಾರ್‌ಫೈಟರ್ ವಿಮಾನ ಒಂದು ಮಿಸ್ಟೇರ್ ಜೊತೆಗಿನ ಕಾಳಗದಲ್ಲಿ ಉರುಳಿತು, ಅಮ್ಜದ್ ಪ್ಯಾರಾಚೂಟ್ ಬಿಚ್ಚಿ ಜೀವ ಉಳಿಸಿಕೊಂಡರು ಎಂಬ ವಿವರ ಅದರಲ್ಲಿತ್ತು. ಇದು ಎಂಥ ಕಾಳಗ ಎಂದು ತಿಳಿಯಬೇಕಾದರೆ ಎರಡು ವಿಮಾನಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಅಮೆರಿಕದ ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲದು. ಫ್ರಾನ್ಸಿನ ಮಿಸ್ಟೇರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ದಾಟಲಾರದು. ಓಡಿ ತಪ್ಪಿಸಿಕೊಳ್ಳುವ ಮಾತೇ ಇಲ್ಲ. ಏಟು ತಿಂದ ಮೇಲೂ ತಿರುಗಿ ನಿಂತು ಹೊಡೆದದ್ದರಿಂದಲೇ ಅದು ಸಾಧ್ಯವಾಯಿತು.

ಪುಸ್ತಕದಲ್ಲಿ ಆ ಮಿಸ್ಟೇರ್ ಯಾರದು ಎಂದು ಇರಲಿಲ್ಲ. ಅದನ್ನು ಹೇಳಬಲ್ಲವರು ಒಂದನೇ ಸ್ಕ್ವಾಡ್ರನ್ನಿನ ಹಳಬರು ಮಾತ್ರ. ಅಂದಿನ ದಾಳಿಯ ಮುಂಚೂಣಿಯಲ್ಲಿದ್ದ ಕಮಾಂಡರ್ ಓ.ಪಿ. ತನೇಜಾ ಈ ಎಳೆಯನ್ನು ಹಿಡಿದರು. ಲೆಕ್ಕ ಸರಳ: ಆ ದಾಳಿಯಲ್ಲಿ ಮರಳಿ ಬಾರದ ಮಿಸ್ಟೇರ್ ಒಂದೇ. ಲೆಕ್ಕ ಸರಳವಾದರೂ ಅದನ್ನು ಸರ್ಕಾರ ಒಪ್ಪುವಂತೆ ಮಾಡುವುದು ಸರಳವಲ್ಲ. ಪತ್ರ, ವರದಿ, ಮತ್ತೆ ಪತ್ರ. ಕೊನೆಗೆ 1988ರಲ್ಲಿ ದೇವಯ್ಯ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಅವರು ಹೋಗಿ ಇಪ್ಪತ್ಮೂರನೆಯ ವರ್ಷಕ್ಕೆ ಅವರ ಪತ್ನಿ ಆ ಪದಕ ಸ್ವೀಕರಿಸಿದರು.

ಇದರಲ್ಲಿ ನನ್ನನ್ನು ಬಹಳ ಕಾಡಿದ ಸಂಗತಿ ಬೇರೆಯೇ ಇದೆ. ಅದೇ ಅಮ್ಜದ್ ಹುಸೇನ್ 1971ರ ಯುದ್ಧದಲ್ಲಿ ಅಮೃತಸರದ ಮೇಲೆ ದಾಳಿಗೆ ಬಂದಾಗ ನಮ್ಮವರ ಗುಂಡಿಗೆ ವಿಮಾನ ಕಳೆದುಕೊಂಡು ಸೆರೆಸಿಕ್ಕರು. ಅಂದರೆ ದೇವಯ್ಯ ಅವರ ಕೊನೆಯ ಕಾಳಗ ಬಲ್ಲ ಮನುಷ್ಯ ಕೆಲಕಾಲ ಭಾರತದಲ್ಲಿಯೇ ಇದ್ದ. ಆದರೂ ಆ ಕಡತ ಅಲುಗಲು ಪುಸ್ತಕವೊಂದು ಬರಬೇಕಾಯಿತು, ಅದನ್ನು ಓದಿ ‘ಇದು ನಮ್ಮ ಹುಡುಗನೇ’ ಎನ್ನುವ ಹಳೆಯ ಜೊತೆಗಾರನೂ ಇರಬೇಕಾಯಿತು.

ಸ್ಕ್ವಾಡ್ರನ್ ಎಂದರೆ ವಿಮಾನಗಳ ಗುಂಪು ಎಂದು ನಾವು ತಿಳಿದಿರುತ್ತೇವೆ. ವಿಮಾನಗಳು ಬದಲಾಗುತ್ತಲೇ ಇರುತ್ತವೆ. ಒಂದನೇ ಸ್ಕ್ವಾಡ್ರನ್ 1933ರ ಏಪ್ರಿಲ್ 1ರಂದು ಕರಾಚಿಯಲ್ಲಿ ಶುರುವಾದಾಗ ಅದರ ಬಳಿ ಇದ್ದದ್ದು ನಾಲ್ಕು ವಾಪಿಟಿ ವಿಮಾನ. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆ ಲೈಸ್ಯಾಂಡರ್, ಆಮೇಲೆ ಇಂಫಾಲದಲ್ಲಿ ಅರ್ಜನ್ ಸಿಂಗ್ ಅವರ ಮುಂದಾಳತ್ವದಲ್ಲಿ ಹರಿಕೇನ್. ದೇಶ ಇಬ್ಭಾಗವಾದಾಗ ಈ ಸಂಖ್ಯೆಯೇ ನಮ್ಮಲ್ಲಿ ಇಲ್ಲವಾಯಿತು. 1953ರಲ್ಲಿ ಬೇರೊಂದು ಸ್ಕ್ವಾಡ್ರನ್ನಿಗೆ ‘ಒಂದು’ ಎಂಬ ಹೆಸರು ಕೊಟ್ಟು ಪರಂಪರೆಯನ್ನು ಮುಂದುವರಿಸಿದರು. ಇವತ್ತು ಗ್ವಾಲಿಯರ್‌ನಲ್ಲಿ ಅದು ಮಿರಾಜ್ ಹಾರಿಸುತ್ತದೆ. ವಿಮಾನ, ಊರು, ಜನ ಎಲ್ಲ ಬದಲಾದ ಮೇಲೂ ಉಳಿದದ್ದು ಹೆಸರು ಮತ್ತು ಹಳಬರು ಹೊಸಬರಿಗೆ ಹೇಳಿದ ಮಾತು.

ನಿವೃತ್ತರಾದ ಮೇಲೆ ಈ ಹಳಬರನ್ನು ಸೇರಿಸುವುದು ಏರ್‌ಫೋರ್ಸ್ ಅಸೋಸಿಯೇಷನ್. ಅದರ ಕರ್ನಾಟಕ ಶಾಖೆ ಬೆಂಗಳೂರಿನಲ್ಲಿದೆ. ಇಂಥ ಸಂಘಗಳೆಂದರೆ ವರ್ಷಕ್ಕೊಮ್ಮೆ ಕೋಟಿನ ಮೇಲೆ ಪದಕ ಸಿಕ್ಕಿಸಿಕೊಂಡು ಚಹಾ ಕುಡಿಯುವವರು ಎಂದು ಕೆಲವರು ನಗುತ್ತಾರೆ. ಪಿಂಚಣಿ ಪತ್ರದಲ್ಲಿ ಹೆಸರಿನ ಒಂದು ಅಕ್ಷರ ತಪ್ಪಾಗಿ ಅಲೆಯುವ ವಿಧವೆಯನ್ನು ಕೇಳಿದರೆ ನಗು ನಿಲ್ಲುತ್ತದೆ. ‘ಇವರು ನಮ್ಮ ಜೊತೆ ಇದ್ದರು’ ಎಂದು ಸಹಿ ಹಾಕುವವರು ಯಾರು? ಅದೇ ಹಳೆಯ ಜೊತೆಗಾರರು. ನೆನಪು ಉಳಿಸುವ ಕೆಲಸ ಮತ್ತು ಕಾಗದ ಸರಿಮಾಡಿಸುವ ಕೆಲಸ ಬೇರೆ ಬೇರೆ ಅಲ್ಲ. ತನೇಜಾ ಮಾಡಿದ್ದೂ ಒಂದರ್ಥದಲ್ಲಿ ಕಾಗದದ ಕೆಲಸವೇ.

ನಾನು ಹಲಸಂಗಿಯವನು. ನಮ್ಮೂರಿಗೆ ಈ ಮಾತು ಹೊಸದಲ್ಲ. ನೂರು ವರ್ಷದ ಹಿಂದೆ ನಮ್ಮ ವಯಸ್ಸಿನವರೇ ಆಗಿದ್ದ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಮುಂತಾದ ಗೆಳೆಯರು ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳ ಹಾಡುಗಳನ್ನು ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಪುಸ್ತಕವಾಗಿ ಬಂತು. ಆ ಹಾಡು ಕಟ್ಟಿದ ಅವ್ವಂದಿರ ಹೆಸರು ಗೊತ್ತಿಲ್ಲ, ಹಾಡು ಉಳಿಯಿತು. ಸೈನಿಕರ ವಿಷಯದಲ್ಲಿ ತಿರುವು ಮುರುವು: ಹೆಸರು ಪಟ್ಟಿಯಲ್ಲಿ ಇರುತ್ತದೆ, ಅವರು ಕಂಡದ್ದು, ಮಾಡಿದ್ದು ಎಲ್ಲಿಯೂ ಇರುವುದಿಲ್ಲ.

ಈಗ ನಮ್ಮ ಕಡೆ ನಸುಕಿನಲ್ಲಿ ರಸ್ತೆಗೆ ಬಂದರೆ ಅಗ್ನಿವೀರ ಭರತಿಗಾಗಿ ಓಡುವ ಹುಡುಗರು ಸಿಗುತ್ತಾರೆ. ವಾಯುಪಡೆಗೆ ಆಯ್ಕೆಯಾದವರಿಗೆ ತರಬೇತಿ ಬೆಳಗಾವಿಯ ಸಾಂಬ್ರಾದಲ್ಲಿ, ಅಂದರೆ ಮನೆಯ ಹಿತ್ತಲಲ್ಲಿ. ವಿಜಯಪುರದ ಸೈನಿಕ ಶಾಲೆ 1963ರಿಂದ ಇದೆ, ಅಲ್ಲಿಂದ ಅಧಿಕಾರಿಗಳಾಗುತ್ತಾರೆ. ಆದರೆ ಹಳ್ಳಿಯ ಹುಡುಗರು ಬಹುತೇಕ ಸೇರುವುದು ಏರ್‌ಮನ್ ಆಗಿ, ಜವಾನರಾಗಿ. ಪೈಲಟ್ ಬಗ್ಗೆ ಪುಸ್ತಕ ಬರುತ್ತದೆ. ಅವನ ವಿಮಾನಕ್ಕೆ ಇಂಧನ ತುಂಬಿದವನ, ಗುಂಡು ಜೋಡಿಸಿದವನ, ತಿರುಗಿ ಬಾರದ ವಿಮಾನಕ್ಕಾಗಿ ರನ್‌ವೇ ಕಡೆ ನೋಡುತ್ತ ನಿಂತವನ ಬಗ್ಗೆ ಯಾರು ಬರೆಯುತ್ತಾರೆ? ನಾಲ್ಕು ವರ್ಷದ ನೌಕರಿಯಲ್ಲಿ ನಾಲ್ವರಲ್ಲಿ ಮೂವರು ಮನೆಗೆ ಮರಳುವ ಈ ಕಾಲದಲ್ಲಿ ಈ ಪ್ರಶ್ನೆ ಇನ್ನೂ ಚುರುಕಾಗಿದೆ. ಜೊತೆಗೆ ಓಡುವ ದೋಸ್ತ ಒಬ್ಬ ಕೇಳಿದ: “ನಾಕ ವರ್ಸಕ್ಕ ಮನಿಗಿ ಬಂದವ್ರನ್ನ ಯಾವ ಸಂಘ ನೆನಪ ಇಡ್ತದಲೇ?” ನನ್ನಲ್ಲಿ ಉತ್ತರ ಇರಲಿಲ್ಲ. ಹಾಗೆ ಮರಳುವವರು ತಮ್ಮ ಸಂಘವನ್ನು ತಾವೇ ಕಟ್ಟಿಕೊಳ್ಳಬೇಕಾಗಬಹುದು.

ಕಳೆದ ವರ್ಷ ಜನವರಿ ಕೊನೆಗೆ ಅಲ್ಲ, 2025ರ ಜನವರಿಯಲ್ಲಿ ಎಂದೇ ಬರೆಯುತ್ತೇನೆ, ತಾರೀಖು ಸರಿ ಇರಲಿ: ‘ಸ್ಕೈ ಫೋರ್ಸ್’ ಎಂಬ ಹಿಂದಿ ಸಿನಿಮಾ ಬಂತು. ದೇವಯ್ಯ, ತನೇಜಾ ಅವರ ಕಥೆಯೇ ಅದಕ್ಕೆ ಆಧಾರ. ಆದರೆ ಪಾತ್ರಗಳ ಹೆಸರು ಬೇರೆ. ದೇವಯ್ಯ ಅವರ ಸಾಹಸ ಗೊತ್ತಿದ್ದೂ ಹೆಸರು ಗೊತ್ತಿಲ್ಲದವರು ಈಗ ದೇಶದ ತುಂಬ ಇದ್ದಾರೆ. ಸಿನಿಮಾದವರಿಗೆ ಅವರ ಕಾರಣಗಳಿರಬಹುದು, ನನಗಂತೂ ಅದು ಸರಿ ಕಾಣಲಿಲ್ಲ. ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವಿದೆ, ಪ್ರತಿಮೆಯಿದೆ. ಹೆಸರು ಅಲ್ಲಿ ಇದ್ದಂತೆಯೇ ಇದೆ.

ವಾಯುಪಡೆಯಲ್ಲಿ ದುಡಿದು ಬಂದ ಹಿರಿಯರೊಬ್ಬರು ನಮಗೆ ಪರಿಚಯ. ಕಾಕಾ ಎಂದೇ ಕರೆಯುತ್ತೇವೆ. ನಿಮ್ಮ ಕಥೆ ಬರೆದುಕೊಳ್ಳುತ್ತೇನೆ ಎಂದಾಗ, “ಅದರಾಗೇನದ ತಮ್ಮಾ, ನಾ ಬರೇ ನಟ್ಟು-ಬೋಲ್ಟು ಬಿಗಿ ಮಾಡಿದಾಂವ” ಎಂದು ಕೈ ಕೊಡವಿದರು. ಕಥೆ ಬೇಡ, ಇಸವಿ, ಊರು, ಯಾವ ವಿಮಾನ, ಜೊತೆಗೆ ಯಾರಿದ್ದರು, ಇಷ್ಟೇ ಹೇಳಿರಿ ಎಂದೆ. ಟ್ರಂಕಿನಿಂದ ಒಂದು ಗ್ರೂಪ್ ಫೋಟೊ ತೆಗೆದರು. ಅದರಲ್ಲಿ ಹನ್ನೊಂದು ಜನ. ನಾಲ್ವರ ಹೆಸರು ನೆನಪಾಯಿತು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಉಳಿದವರ ಹೆಸರಿಗಾಗಿ ಬೆಳಗಾವಿಯಲ್ಲಿರುವ ಹಳೆಯ ಜೊತೆಗಾರನಿಗೆ ರವಿವಾರ ಫೋನ್ ಹಚ್ಚುವುದಾಗಿ ಹೇಳಿದ್ದಾರೆ.