ಹಾಡುತ್ತಿದ್ದವರು ಸಚಿವರಾದರು

ಬೋಳುತಲೆ, ಆರಡಿ ಮೀರಿದ ಎತ್ತರ, ವೇದಿಕೆಯ ಮೇಲೆ ಮೈದುಂಬಿ ಬಂದವರಂಥ ಕುಣಿತ. ಆಸ್ಟ್ರೇಲಿಯಾದ ‘ಮಿಡ್‌ನೈಟ್ ಆಯಿಲ್’ ರಾಕ್ ತಂಡದ ಗಾಯಕ ಪೀಟರ್ ಗ್ಯಾರೆಟ್ ಕೇಂದ್ರ ಸಚಿವರೂ ಆದರು!

ಓದಿದ್ದು ಕಾನೂನು. ಮೂಲನಿವಾಸಿಗಳ ನೆಲ ಅವರಿಗೇ ಸೇರಬೇಕು ಎಂದ 1987ರ ‘ಬೆಡ್ಸ್ ಆರ್ ಬರ್ನಿಂಗ್’ ಹಾಡು ಜಗತ್ತು ಸುತ್ತಿತು. 2000ದ ಸಿಡ್ನಿ ಒಲಿಂಪಿಕ್ಸ್ ಸಮಾರೋಪದಲ್ಲಿ ‘ಸಾರಿ’ ಎಂದು ಬರೆದ ಕಪ್ಪು ಉಡುಪು ತೊಟ್ಟು ತಂಡ ಅದನ್ನೇ ಹಾಡಿತು. ಮೂಲನಿವಾಸಿಗಳ ಕ್ಷಮೆ ಕೇಳಲು ಒಪ್ಪದಿದ್ದ ಪ್ರಧಾನಿ ಜಾನ್ ಹೊವಾರ್ಡ್ ಅಲ್ಲೇ ಕೂತಿದ್ದರು.

1984ರಲ್ಲಿ ಅಣ್ವಸ್ತ್ರ ವಿರೋಧಿ ಪಕ್ಷದಿಂದ ಸೆನೆಟ್‌ಗೆ ನಿಂತು ಸ್ವಲ್ಪದರಲ್ಲೇ ಸೋತಿದ್ದ ಗ್ಯಾರೆಟ್, 2004ರಲ್ಲಿ ಲೇಬರ್ ಪಕ್ಷದಿಂದ ಸಿಡ್ನಿಯ ಕಿಂಗ್ಸ್‌ಫರ್ಡ್ ಸ್ಮಿತ್ ಕ್ಷೇತ್ರ ಗೆದ್ದರು. 2007ರಲ್ಲಿ ಪರಿಸರ ಸಚಿವ.

ಅಗ್ನಿಪರೀಕ್ಷೆ ಶುರುವಾದದ್ದು ಆಗ. ಯುರೇನಿಯಂ ಬೇಡ ಎಂದಿದ್ದವರೇ 2009ರಲ್ಲಿ ಫೋರ್ ಮೈಲ್ ಯುರೇನಿಯಂ ಗಣಿಗೆ ಒಪ್ಪಿಗೆ ಕೊಟ್ಟರು. ಹಳೆಯ ಒಡನಾಡಿಗಳು ಸಿಟ್ಟಾದರು. ಮನೆಗಳ ಛಾವಣಿಯೊಳಗೆ ಶಾಖ ತಡೆಯುವ ಪದರ ಹಾಸುವ, ಗ್ಯಾರೆಟ್ ಇಲಾಖೆಯ ಹೊಣೆಯಲ್ಲಿದ್ದ ಸರ್ಕಾರಿ ಯೋಜನೆಯಲ್ಲಿ ನಾಲ್ವರು ಯುವ ಕೆಲಸಗಾರರು ಸತ್ತರು. 2010ರಲ್ಲಿ ಯೋಜನೆ ನಿಂತಿತು, ಗ್ಯಾರೆಟ್ ಅವರ ಅಧಿಕಾರವೂ ಮೊಟಕಾಯಿತು.

ಬಳಿಕ ಶಾಲಾ ಶಿಕ್ಷಣ ಖಾತೆ. ಶಾಲೆಗಳ ಅಗತ್ಯ ನೋಡಿ ಹಣ ಹಂಚುವ ಕಾಯ್ದೆ 2013ರ ಜೂನ್‌ನಲ್ಲಿ ಅಂಗೀಕಾರವಾಯಿತು. ಅದೇ ತಿಂಗಳು ಪ್ರಧಾನಿ ಜೂಲಿಯಾ ಗಿಲಾರ್ಡ್ ಪಕ್ಷದ ನಾಯಕತ್ವ ಕಳೆದುಕೊಂಡಾಗ ಗ್ಯಾರೆಟ್ ಸಚಿವಗಿರಿ ಬಿಟ್ಟರು, ಮುಂದಿನ ಚುನಾವಣೆಗೂ ನಿಲ್ಲಲಿಲ್ಲ.